ಹೊಳ್ಳಿ ನೋಡೋ ಎತ್ತು

ಧ್ವನಿ ಸಂದೇಶ. ನಿಜಗುಣಪ್ಪ, ಬೈಲಹೊಂಗಲ. 12 ನವೆಂಬರ್ 2024, ಮಧ್ಯಾಹ್ನ

ಯವ್ವಾ ಮಾಲಾ, ನಾ ನಿಜಗುಣ ಕಾಕಾ ಮಾತಾಡಾಕತ್ತೇನಿ, ಬೈಲಹೊಂಗಲದಿಂದ. ಬರ್ಯಾಕ ಬರೂದಿಲ್ಲಂತಲ್ಲ ಮತ್ತ. ಮೂವತ್ತು ವರ್ಷ ಅಕ್ಷರನ ಬರಕೋತ ಬಂದಾಂವ ನಾ. ಖರೆ ಈ ಫೋನಿನ್ಯಾಗ ಒಂದು ಒತ್ತಿದ್ರ ಇನ್ನೊಂದು ಬೀಳತೈತಿ, ಬೆರಳಿಗೆ ಪೇಂಟ್ ಬ್ಯಾರೆ. ಅದಕ್ಕ ಮಾತಾಡಿ ಕಳಸ್ತೇನಿ. ಕಲಬುರಗ್ಯಾಗ ಕೋರ್ಟಿಗೆ ಹೋಗೂ ಮುಂದ ಬಸ್ಸಿನ್ಯಾಗ ಕೇಳು. ನಂದು ಜರಾ ಉದ್ದ ಆಕ್ಕೈತಿ, ನಿನಗ ಗೊತ್ತೈತಲ್ಲ.

ನಿನ್ನೆ ನೇಸರಗಿಗೆ ಹೋಗಿದ್ನಿ. ಬರೂ ಮುಂದ ನನ್ನ ಗಾಡಿ ಮುಂದ ಒಂದು ಕಬ್ಬಿನ ಟ್ರ್ಯಾಕ್ಟರ್. ಟ್ರೇಲರಿನ ಹಿಂದ ನೋಡ್ತೇನಿ, ನನ್ನ ಎತ್ತು! ಹೊಳ್ಳಿ ನೋಡೋ ಎತ್ತು. ಮುಂದ ಹೊಂಟೈತಿ, ಕುತ್ತಿಗಿ ಹಿಂದ ತಿರುವಿ, ಹಿಂದ ಬರಾವ್ರನ್ನ ನೋಡಾಕತ್ತೈತಿ. ಇಪ್ಪತ್ತೈದು ವರ್ಷ ನಮ್ಮ ನಿಜಗುಣ ಆರ್ಟ್ಸಿನ ಗುರುತ ಅದು. ಆದ್ರ ಪೇಂಟ್ ಅಲ್ಲ ಯವ್ವಾ, ಸ್ಟಿಕರ್! ಗಾಡಿ ಅಡ್ಡ ಹಾಕಿ ಡ್ರೈವರನ್ನ ಕೇಳಿದ್ನಿ, ‘ಏ ತಮ್ಮಾ, ಎಲ್ಲಿ ಬರಸೀಯೋ ಇದನ್ನ?’

‘ಬರಸೂದ್ಯಾಕ್ರಿ? ಸವದತ್ತ್ಯಾಗ ಸುನೀಲ ಅಂತ ಅದಾನ, ಹಚ್ಚಿ ಕೊಡ್ತಾನ. ಒಂದು ಚಾ ಕುಡಿಯೂದ್ರಾಗ ಎತ್ತು ತಯಾರ್.’

ನಾ ನಾಕು ದಿನ ಬಿಸಿಲಾಗ ಕುಂಡಿ ಸುಟಗೊಂಡು ಬರಿಯೋ ಎತ್ತು, ಇವಗ ಚಾ ಕುಡಿಯೂದ್ರಾಗ ತಯಾರ್. ಅಲ್ಲಿಂದ ಬೈಲಹೊಂಗಲ ಮುಟ್ಟೂದ್ರಾಗ ಇನ್ನೂ ಆರು ಕಂಡೂ. ಒಂದು ಹಸರು, ಒಂದು ಗುಲಾಬಿ. ಗುಲಾಬಿ ಎತ್ತು ನೋಡೀಯೇನವಾ ಎಲ್ಯಾರ? ಕೆಳಗ ಏನೋ ಸಣ್ಣ ಅಕ್ಷರದಾಗ ಬರದಿತ್ತು. ನನ್ನ ಕಡೆ ಚಸ್ಮಾ ಇರಲಿಲ್ಲ. ಬಿಡು.

ನೀ ಅವಗೊಂದು ನೋಟೀಸ್ ಕೊಡಬೇಕು. ಕಾಪಿರೈಟ್ ಅಂತಾರಲ್ಲ, ಅದು. ನಿಮ್ಮಪ್ಪ ಸತ್ಯಪ್ಪ ತೀರಿಕೊಂಡು ಐದು ವರ್ಷ ಆತು, ಆಂವ ಇದ್ದಿದ್ರ ಇಷ್ಟೊತ್ತಿಗೆ ನನ್ನ ಜೋಡಿ ಸವದತ್ತಿಗೆ ಬಂದಿರತಿದ್ದ. ನೀನೂ ಬ್ಯಾಸಗಿ ಸೂಟ್ಯಾಗ ನಮ್ಮ ಅಂಗಡಿ ಡಬ್ಬಿ ಮ್ಯಾಲ ಕುಂತು ಅಕ್ಷರ ಕಲತಾಕಿ. ನಿನ್ನ ಬಿಟ್ಟು ಯಾವ ವಕೀಲರ ಕಡೆ ಹೋಗ್ಲಿ? ಕೆಂಚವ್ವ ನಿನ್ನ ಕೇಳಿದ್ಲು. ಇಡ್ತೇನಿ.

ಪತ್ರ. ಮಾಲಾ, ಕಲಬುರಗಿ. 16 ನವೆಂಬರ್ 2024

ನಿಜಗುಣ ಕಾಕಾ ಅವರಿಗೆ ಮಾಲಾ ಮಾಡುವ ನಮಸ್ಕಾರಗಳು.

ನಿಮ್ಮ ಸಂದೇಶವನ್ನು ಎರಡು ಸಲ ಕೇಳಿದೆ. ನಾನು ಮಾತಾಡಿ ಕಳಿಸುವುದಕ್ಕಿಂತ ಬರೆದು ಫೋನಿಗೆ ಹಾಕುವುದೇ ಮೇಲು ಎನ್ನಿಸಿತು. ಕಾಯಿದೆಯ ಮಾತು ಕಿವಿಯಲ್ಲಿ ಉಳಿಯುವುದಿಲ್ಲ. ಕೆಂಚವ್ವ ಕಾಕುವಿಗೆ ಓದಿ ಹೇಳಲು ಹೇಳಿ, ಅಥವಾ ಚಸ್ಮಾ ಹಾಕಿಕೊಂಡು ನೀವೇ ಓದಿ.

ಎತ್ತು ಯಾರದೂ ಅಲ್ಲ. ಹೊಳ್ಳಿ ನೋಡುವ ಎತ್ತನ್ನು ಬರೆಯಬೇಕು ಎಂಬ ಯೋಚನೆಯೂ ಯಾರದೂ ಅಲ್ಲ. ನಾಳೆ ಯಾರು ಬೇಕಾದರೂ ತಮ್ಮದೇ ಒಂದು ಎತ್ತನ್ನು ಬರೆದು ಅದರ ಕತ್ತು ತಿರುಗಿಸಬಹುದು. ಕಾಯಿದೆ ಕಾಯುವುದು ಯೋಚನೆಯನ್ನಲ್ಲ, ಕೈ ಮೂಡಿಸಿದ ರೂಪವನ್ನು. ಈ ಕೊಂಬು, ಬೆನ್ನ ಮೇಲಿನ ಈ ಇಣಿ, ಕತ್ತಿನ ಈ ಮಡಿಕೆ, ಹೀಗೇ ಬಂದ ಈ ಗೆರೆ. ಅದನ್ನು ಇದ್ದಂತೆಯೇ ಎತ್ತಿಕೊಂಡರೆ ಅದು ತಪ್ಪು.

ರಿಜಿಸ್ಟರ್ ಮಾಡಿಸಿಲ್ಲ ಎಂದು ನೀವು ಹೆದರಬೇಕಿಲ್ಲ. ಮಾಡಿಸಿದರೆ ಸಾಕ್ಷಿಗೆ ಅನುಕೂಲ, ಅಷ್ಟೇ. ಹಕ್ಕು ಚಿತ್ರದ ಜೊತೆಗೇ ಹುಟ್ಟುತ್ತದೆ. ಬರೆದವರು ಇರುವವರೆಗೂ ಇರುತ್ತದೆ, ಅವರು ಹೋದ ಮೇಲೂ ಅರವತ್ತು ವರ್ಷ ಅವರ ವಾರಸುದಾರರ ಬಳಿ ಉಳಿಯುತ್ತದೆ.

ನೋಟೀಸಿಗೆ ಮೊದಲು ನನಗೆ ಕೆಲವು ಸಂಗತಿ ಬೇಕು. ಆ ಎತ್ತನ್ನು ಮೊದಲ ಸಲ ಯಾವಾಗ ಬರೆದದ್ದು, ಯಾವುದರ ಮೇಲೆ? ಯಾರಾದರೂ ರೈತರು ದುಡ್ಡು ಕೊಟ್ಟು ತಮಗೆಂದೇ ಬರೆಸಿದ್ದೋ, ಸುಮ್ಮನೆ ಬರೆದದ್ದೋ? ಆ ಮೊದಲ ಹಾಳೆ ಈಗ ಎಲ್ಲಿದೆ? ಕೊನೆಯದು, ಬರೆದವರು ಯಾರು?

ಆ ಸ್ಟಿಕರಿನ ಕೆಳಗಿನ ಸಣ್ಣ ಅಕ್ಷರ ಏನೆಂದು ನೋಡಿ ತಿಳಿಸಿ.

ನಿಮ್ಮ
ಮಾಲಾ

ಧ್ವನಿ ಸಂದೇಶ. ನಿಜಗುಣಪ್ಪ. 17 ನವೆಂಬರ್ 2024, ಮುಂಜಾನೆ

ಅರವತ್ತು ವರ್ಷ! ಮಾಲಾ, ನಾ ಕೆಂಚವ್ವಗ ಅಂದ್ನಿ, ‘ಏ, ನಾ ಸತ್ತ ಮ್ಯಾಲೂ ಅರವತ್ತು ವರ್ಷ ನನ್ನ ಎತ್ತು ನನ್ನ ಹೆಸರಿಲೆ ಇರತೈತಂತ’. ಅಕಿ ಏನಂದ್ಲು ಗೊತ್ತೇನು? ‘ಇದ್ದಾಗ ಒಂದು ಎಮ್ಮಿ ಕಟ್ಟಾಕ ಆಗಲಿಲ್ಲ ನಿಮಗ, ಸತ್ತ ಮ್ಯಾಲ ಎತ್ತು ಸಾಕ್ತೀರಿ.’ ಹಿಂಗೈತಿ ನೋಡು ನಮ್ಮ ಮನ್ಯಾಗ ಕಲಾಕ್ಕ ಬೆಲಿ.

ಈಗ ನಿನ್ನ ಪ್ರಶ್ನಿ. ತೊಂಬತ್ತೊಂಬತ್ತನೇ ಇಸವಿ. ಅಮಾಸಿ ದಿನ, ಕೆಲಸ ಇರಲಿಲ್ಲ. ಹಳೇ ಕ್ಯಾಲೆಂಡರಿನ ಬೆನ್ನಿನ ಮ್ಯಾಲ, ನಮ್ಮ ಅಂಗಡ್ಯಾಗ ಆ ಎತ್ತು ತಯಾರಾತು. ಯಾರೂ ಬರಸಿದ್ದಲ್ಲ, ದುಡ್ಡು ಯಾರೂ ಕೊಟ್ಟಿಲ್ಲ. ಆಮ್ಯಾಲ ದೊಡ್ಡ ಹಾಳಿ ಮ್ಯಾಲ ತಗದು, ಗೆರಿ ಗುಂಟ ಸೂಜೀಲೆ ಚುಚ್ಚಿ ತೂತು ಮಾಡಿದ್ವಿ. ಟ್ರೇಲರಿನ ಮ್ಯಾಲ ಆ ಹಾಳಿ ಹಚ್ಚಿ, ಅರಬಿ ಗಂಟಿನ್ಯಾಗ ನೀಲಿ ಪುಡಿ ಕಟ್ಟಿ ಬಡದ್ರ, ತೂತಿನ್ಯಾಗ ಹಾದು ಚುಕ್ಕಿ ಚುಕ್ಕಿ ಎತ್ತು ಬೀಳತೈತಿ. ನೀ ಸಣ್ಣಾಕಿದ್ದಾಗ ಆ ಗಂಟು ಬಡದು ಮಾರೆಲ್ಲಾ ನೀಲಿ ಮಾಡಕೊಂತಿದ್ದಿ. ಆ ಹಾಳಿ ನನ್ನ ಕಡೆನ ಐತಿ. ಬಡದು ಬಡದು ತೂತು ದೊಡ್ಡೂ ಆಗಿ ಎತ್ತು ವರ್ಷದಿಂದ ವರ್ಷಕ್ಕ ದಪ್ಪ ಆಗಾಕತ್ತೈತಿ. ನನ್ನಂಗ.

ಇನ್ನ ಯಾರು ಬರದದ್ದು ಅಂತ ಕೇಳೀ. ನೋಡು, ನಮ್ಮಪ್ಪನ ಕಾಲದಿಂದ ನಮ್ಮ ಅಂಗಡ್ಯಾಗೊಂದು ಪದ್ಧತಿ ಐತಿ. ಎತ್ತೆಲ್ಲಾ ಮುಗಸಿ ಕಣ್ಣಷ್ಟ ಬಿಡ್ತೇವಿ. ರೈತ ಬರ್ತಾನ, ಕಾಯಿ ಒಡಿತಾನ. ಆಗ ಮಾಲಕ ಸಣ್ಣ ಬ್ರಷ್ ತಗೊಂಡು ಕರೀ ಕಣ್ಣಾಗ ಒಂದು ಬಿಳಿ ಚುಕ್ಕಿ ಇಡ್ತಾನ. ಅಲ್ಲೀತನ ಅದು ಬಣ್ಣ, ಆಮ್ಯಾಲ ಅದು ಎತ್ತು. ಕಣ್ಣು ತೆರದಾಂವನ ಕೆಳಗ ತನ್ನ ಹೆಸರು ಬರೀತಾನ. ನಾಕು ತಾಲೂಕಿನ್ಯಾಗ ಎಷ್ಟು ಎತ್ತಿನ ಕಣ್ಣು ತೆರದೇನಿ ಅಂತ ನನಗ ಲೆಕ್ಕಿಲ್ಲ. ಎಲ್ಲಾದಕ್ಕೂ ನಿಜಗುಣ ಅಂತ ಹೆಸರೈತಿ. ನಿಮ್ಮಪ್ಪ ಕೈಗೂಡಸ್ತಿದ್ದ, ಅದು ಖರೆ, ಇಲ್ಲನ್ನಂಗಿಲ್ಲ. ಆದ್ರ ಕಣ್ಣು ನಾ ತೆರದದ್ದು. ಅಂದ ಮ್ಯಾಲ ಎತ್ತು ಯಾರದು? ನೀನ ಹೇಳು.

ಹಾಂ, ಸಣ್ಣ ಅಕ್ಷರ ನೋಡಾಕ ಆಗಿಲ್ಲ.

ಪತ್ರ. ಮಾಲಾ. 24 ನವೆಂಬರ್ 2024

ಕಾಕಾ,

ಒಂದು ವಾರ ತಡವಾಯಿತು. ಕೋರ್ಟಿನ ಕೆಲಸವಿತ್ತು ಎಂದು ಬರೆಯಬಹುದು, ಆದರೆ ಅಷ್ಟೊಂದು ಇರಲಿಲ್ಲ.

ಕಣ್ಣು ತೆರೆಯುವುದು ನಿಮ್ಮ ಅಂಗಡಿಯ ಪದ್ಧತಿ. ನನಗೂ ನೆನಪಿದೆ, ನೀವು ಬ್ರಷ್ ಎತ್ತಿದರೆ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. ಆದರೆ ಕಾಯಿದೆ ಆ ಪದ್ಧತಿಯನ್ನು ಅರಿಯದು. ಚಿತ್ರದ ಕೆಳಗೆ ಹೆಸರಿದ್ದರೆ ಬರೆದವರು ಅವರೇ ಇರಬೇಕೆಂದು ಮೊದಲಿಗೆ ನಂಬುತ್ತಾರೆ, ನಿಜ. ಅಲ್ಲವೆಂದು ತೋರಿಸಿಕೊಟ್ಟರೆ ಆ ನಂಬಿಕೆ ಬಿದ್ದುಹೋಗುತ್ತದೆ. ಒಂದು ಬಿಳಿ ಚುಕ್ಕಿಯಿಂದ ಇಡೀ ಚಿತ್ರ ಒಬ್ಬರದಾಗುವುದಿಲ್ಲ. ಹಾಳೆ ನಿಮ್ಮ ಬಳಿ ಇದೆ ಎಂದ ಮಾತ್ರಕ್ಕೂ ಆಗುವುದಿಲ್ಲ. ಹಾಳೆ ಬೇರೆ, ಹಾಳೆಯ ಮೇಲಿನ ಚಿತ್ರದ ಹಕ್ಕು ಬೇರೆ.

‘ತಯಾರಾತು’ ಎಂದು ಹೇಳಿದ್ದೀರಿ. ಎತ್ತು ತಾನೇ ತಯಾರಾಗುವುದಿಲ್ಲ. ಕ್ಯಾಲೆಂಡರಿನ ಬೆನ್ನಿನ ಮೇಲೆ ಪೆನ್ಸಿಲ್ ಹಿಡಿದ ಕೈ ಅಪ್ಪನದು. ನಾವಿಬ್ಬರೂ ಬಲ್ಲ ಸಂಗತಿ ಇದು, ನಾನೇ ಬರೆದುಬಿಡುತ್ತೇನೆ.

ಹಾಗಿದ್ದ ಮೇಲೆ ಪ್ರಶ್ನೆ ಒಂದೇ ಉಳಿಯುತ್ತದೆ. ಅಪ್ಪ ನಿಮ್ಮ ನೌಕರನಾಗಿದ್ದು, ಆ ನೌಕರಿಯ ಕೆಲಸವೆಂದೇ ಇದನ್ನು ಬರೆದಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ಹಕ್ಕು ಅಂಗಡಿಯ ಮಾಲಕರದು. ಅಂದರೆ ನಿಮ್ಮದು. ನೌಕರನಲ್ಲದೆ ಸ್ವತಂತ್ರವಾಗಿ ನಿಮ್ಮ ಜೊತೆ ದುಡಿಯುತ್ತಿದ್ದರೆ, ಹಕ್ಕು ಅಪ್ಪನದು. ಬರವಣಿಗೆಯಲ್ಲಿ, ಸಹಿ ಮಾಡಿ ಕೊಡದ ಹೊರತು ಅದು ಬೇರೆಯವರಿಗೆ ಹೋಗುವುದಿಲ್ಲ. ಬಾಯಿಮಾತು, ರೂಢಿ, ಇಪ್ಪತ್ತು ವರ್ಷದ ಗೆಳೆತನ, ಇವು ಯಾವುದರಿಂದಲೂ ಹೋಗುವುದಿಲ್ಲ.

ಅಪ್ಪ ನಿಮಗೆ ಏನಾಗಿದ್ದ, ಕಾಕಾ? ಯೋಚಿಸಿ ಹೇಳಿ. ಅವಸರವಿಲ್ಲ.

ಮಾಲಾ

ಧ್ವನಿ ಸಂದೇಶ. ನಿಜಗುಣಪ್ಪ, ಸವದತ್ತಿ ಬಸ್ ನಿಲ್ದಾಣ. 1 ಡಿಸೆಂಬರ್ 2024, ಮಧ್ಯಾಹ್ನ

ಸವದತ್ತಿಗೆ ಬಂದೇನಿ. ಗದ್ದಲ ಐತಿ, ಕೇಳಿಸಿದಷ್ಟು ಕೇಳು.

ಸುನೀಲನ ಅಂಗಡಿಗೆ ಹೋಗಿದ್ನಿ. ಏಸಿ ಐತೆವಾ! ಎತ್ತು ಬರ್ಯಾಕ ಏಸಿ! ಒಂದು ಮಷೀನು ಕುಂತೈತಿ, ಸರ್ ಸರ್ ಅಂತ ಸ್ಟಿಕರ್ ಕತ್ತರಸ್ತೈತಿ. ಆ ಸುನೀಲಗ ಮೂವತ್ತು ಆಗಿರಬೇಕು, ಬೆರಳ ನೋಡಿದ್ನಿ, ಒಂದು ಹನಿ ಬಣ್ಣಿಲ್ಲ.

‘ನಾ ಬೈಲಹೊಂಗಲದ ನಿಜಗುಣ ಆರ್ಟ್ಸ್’ ಅಂದ್ನಿ.

ಎದ್ದ ನಿಂತ. ‘ಕುಂತ್ರಿ ಸರ್, ಚಾ ತರಸ್ತೇನಿ. ನಿಮ್ಮ ಅಕ್ಷರ ನೋಡೇ ನಾ ಈ ಲೈನಿಗೆ ಬಂದದ್ದರಿ.’

‘ಅಕ್ಷರದ್ದು ಬಿಡೋ. ಎತ್ತು ಯಾಕ ಕದ್ದಿ?’

‘ಕದ್ದಿಲ್ಲರಿ. ಕಾಗದ ಐತಿ.’

‘ಯಾರು ಕೊಟ್ಟಾರ ನಿನಗ ಕಾಗದಾ?’

ತಗದು ತೋರ್ಸಿದ. ನೀಟಾಗಿ ಪ್ಲಾಸ್ಟಿಕ್ ಹಾಳ್ಯಾಗ ಇಟ್ಟಾನ. ‘ರಾಮದುರ್ಗದ ಕಾಡವ್ವ ಹಾಗೂ ಮಗಳು ಮಾಲಾ.’ ನಿಮ್ಮವ್ವನ ಹೆಬ್ಬಟ್ಟು, ನಿನ್ನ ಸಹಿ. ಮೂರು ವರ್ಷ ಸ್ಟಿಕರ್ ಮಾಡಾಕ ಪರವಾನಗಿ, ಪ್ರತಿ ಎತ್ತಿನ ಕೆಳಗ ಹೆಸರು ಹಾಕಬೇಕು ಅಂತ ಷರತ್ತು. ‘ಚಿತ್ರ: ಸತ್ಯಪ್ಪ, ರಾಮದುರ್ಗ.’ ಚಸ್ಮಾ ಹಾಕ್ಕೊಂಡು ಓದಿದ್ನಿ. ತಾರೀಖು ಆಗಸ್ಟ್ ತಿಂಗಳದ್ದು!

ಆಗಸ್ಟ್, ಮಾಲಾ. ನಾ ನಿನಗ ಫೋನ್ಯಾಗ ಅತ್ತುಕೊಂಡದ್ದು ನವೆಂಬರಿನ್ಯಾಗ. ‘ಬರೆದವರು ಯಾರು ಕಾಕಾ, ಹಾಳೆ ಎಲ್ಲಿದೆ ಕಾಕಾ’ ಅಂತ ಸಾಲಿ ಮಾಸ್ತರಂಗ ಕೇಳಿದ್ಯಲ್ಲ, ಎಲ್ಲಾ ಗೊತ್ತಿಟಕೊಂಡ ಕೇಳಿದಿ! ನನ್ನ ಬಾಯಿಲೇನ ಹೊರಡಸಬೇಕಿತ್ತು ನಿನಗ.

ಹಂಗಾರ ಕೇಳು. ಇಪ್ಪತ್ತು ವರ್ಷ ಅಂಗಡಿ ಬಾಗಲಾ ತಗದಾಂವ ನಾ. ಬಣ್ಣ ತಂದಾಂವ ನಾ, ಬೋರ್ಡ್ ಮ್ಯಾಲ ಹೆಸರು ನಂದು. ಬಂದ ರೈತರು ಏನಂತಿದ್ರು? ‘ಸತ್ಯಪ್ಪ ಅದಾನೇನ್ರಿ?’ ನಾ ಎದುರಿಗೆ ನಿಂತಿರತಿದ್ನಿ, ಕಂಬ ಇದ್ದಂಗ. ಚಚಡಿಯಿಂದ ಒಬ್ಬಾಂವ ಟ್ರೇಲರ್ ತಗೊಂಡು ಬಂದು ಮೂರು ದಿನ ಹೊರಗ ಕಾದ, ನಿಮ್ಮಪ್ಪಗ ಜ್ವರ ಬಂದಿತ್ತು ಅಂತ. ‘ನಾ ಬರೀತೇನ್ರಿ’ ಅಂದ್ರ, ‘ಇರಲಿ ತಗೋರಿ, ಕಾಯ್ತೇನಿ’ ಅಂದ. ನಿಮ್ಮಪ್ಪ ಸತ್ತ ಮ್ಯಾಲ ನಾನೂ ಒಂದು ಹೊಸಾ ಎತ್ತು ಬರ್ಯಾಕ ಕುಂತೆ. ಕೆಂಚವ್ವ ಬಂದು ನೋಡಿ ‘ಕತ್ತೆ ಯಾಕ ಬರೀಲಿಕ್ಕತ್ತೀರಿ, ಅಗಸರು ಯಾರಾರ ಬಂದಾರೇನು?’ ಅಂತ ಕೇಳಿದ್ಲು. ಕಿಚ್ಚು ಬೀಳೂದಿಲ್ಲೇನು ಮನಿಶಾಗ?

ನಿಮ್ಮಪ್ಪ ನನಗ ಏನಾಗಿದ್ದ ಅಂತ ಕೇಳಿದಿ. ಆಳು. ನನ್ನ ಅಂಗಡಿ ಆಳು, ವಾರದ ಪಗಾರಿನ ಆಳು. ಹಂಗಂತ ಎಲ್ಲಿ ಬೇಕಾದಲ್ಲಿ ಹೇಳ್ತೇನಿ. ಕಾಯಿದೇನ ನೀನ ಹೇಳಿಕೊಟ್ಟಿ. ಎತ್ತು ನಂದು. ಬಸ್ ಬಂತು.

ಪತ್ರ. ಮಾಲಾ. 3 ಡಿಸೆಂಬರ್ 2024

ಕಾಕಾ,

ನನ್ನ ತಪ್ಪು ಮೊದಲು. ನೀವು ಕೇಳಿದ ದಿನವೇ ನಾನು ನಿಮ್ಮ ವಕೀಲಳಾಗಲಾರೆ, ಇದರಲ್ಲಿ ನನ್ನದೂ ಪಾಲಿದೆ ಎಂದು ತಿಳಿಸಬೇಕಿತ್ತು. ಯಾವ ವಕೀಲರೂ ಹೀಗೆ ಮಾಡಬಾರದು. ತಿಳಿಸಲಿಲ್ಲ, ಏಕೆಂದರೆ ನಿಮ್ಮ ಬಾಯಿಂದ ಒಂದು ಸಲ ‘ಬರೆದವನು ಸತ್ಯಪ್ಪ’ ಎಂದು ಕೇಳುವ ಆಸೆಯಿತ್ತು. ಆ ಆಸೆಗೆ ಕಾಯಿದೆಯನ್ನು ಬಳಸಿಕೊಂಡೆ.

ಸುನೀಲ ಅವ್ವನ ಮಹಿಳಾ ಸಂಘದ ಬ್ಯಾನರ್ ಕಟ್ಟಲು ರಾಮದುರ್ಗಕ್ಕೆ ಬಂದಿದ್ದ. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ, ಕ್ಯಾಲೆಂಡರಿನ ಬೆನ್ನಿನ ಅಪ್ಪನ ಆ ಪೆನ್ಸಿಲ್ ಎತ್ತನ್ನು ನೋಡಿ, ಬಳಸಲೇ ಎಂದು ಕೇಳಿದ. ಕೇಳಿದ ಮೊದಲ ಮನುಷ್ಯ ಅವನೇ. ಅಪ್ಪನ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಇದೆ, ಅದರಲ್ಲಿ ಹದಿನಾಲ್ಕು ಎತ್ತುಗಳಿವೆ. ಚಚಡಿ ವಾಡೆಯ ಮುಂದೆ ಕಟ್ಟಿದ್ದ ಒಂದು ಎತ್ತನ್ನು ನೋಡಿ ಬಂದು ಬರೆದದ್ದು ಎಂದು ಮೊದಲ ಪುಟದಲ್ಲಿದೆ. ಹದಿಮೂರು ಎತ್ತು ಮುಂದೆ ನೋಡುತ್ತವೆ. ಹದಿನಾಲ್ಕನೆಯದು ಹೊಳ್ಳಿ ನೋಡುತ್ತದೆ.

ಇನ್ನು ಅಪ್ಪ ನಿಮ್ಮ ಆಳಾಗಿದ್ದ ಎಂಬ ಮಾತು. ಇದರ ಜೊತೆ ಒಂದು ಕಾಗದದ ಫೋಟೋ ಕಳಿಸುತ್ತಿದ್ದೇನೆ. ನಿಮ್ಮ ಕೈಬರಹ, ಅಂಗಡಿಯ ಶಿಕ್ಕಾ ಇದೆ. ಕಣ್ಣಿಗೆ ಕಾಣದಿದ್ದರೆ ಇಲ್ಲೇ ನಕಲು ಮಾಡಿದ್ದೇನೆ:

‘ರಾಮದುರ್ಗದ ಸತ್ಯಪ್ಪ ಇವರು ನಮ್ಮ ಅಂಗಡಿಯ ನೌಕರರಲ್ಲ, ಹಿಂದೆಂದೂ ಆಗಿರಲಿಲ್ಲ. ತಮ್ಮ ಕೆಲಸವನ್ನು ತಾವೇ ಸ್ವತಂತ್ರವಾಗಿ ಮಾಡುವವರು. ಇದು ಸತ್ಯವೆಂದು ಬರೆದುಕೊಟ್ಟಿದ್ದೇನೆ. ನಿಜಗುಣಪ್ಪ, 9 ಫೆಬ್ರವರಿ 2015.’

ಕಿತ್ತೂರಿನಲ್ಲಿ ಗೋಡೆ ಬರೆಯುವಾಗ ಅಪ್ಪ ಏಣಿಯಿಂದ ಬಿದ್ದ ವರ್ಷ. ಕಾರ್ಮಿಕರ ಕಾರ್ಡ್ ಆದರೆ ಔಷಧಕ್ಕೆ ಸಹಾಯವಾಗುತ್ತದೆ ಎಂದು, ಕೆಲಸ ಮಾಡಿದ ಬಗ್ಗೆ ನಿಮ್ಮಿಂದ ನಾಲ್ಕು ಸಾಲು ಕೇಳಿದ್ದ. ನೀವು ಈ ನಾಲ್ಕು ಸಾಲು ಕೊಟ್ಟಿರಿ. ಅಪ್ಪ ಇದನ್ನು ಯಾರಿಗೂ ತೋರಿಸಲಿಲ್ಲ. ಎತ್ತಿನ ನೋಟ್‌ಬುಕ್ಕಿನಲ್ಲೇ ಮಡಿಚಿ ಇಟ್ಟಿದ್ದ.

ನೀವು ಎಲ್ಲಿ ಬೇಕಾದರೂ ಹೇಳಿ. ಅಲ್ಲಿ ನಾನು ಇದನ್ನು ಇಡುತ್ತೇನೆ.

ಮಾಲಾ

ಧ್ವನಿ ಸಂದೇಶ. ನಿಜಗುಣಪ್ಪ. 3 ಡಿಸೆಂಬರ್ 2024, ಸಂಜೆ

ಕಾಗದ ಬಂತು. ನಂದ ಅಕ್ಷರ.

ಮಾತಾಡ್ತೇನಿ, ಆಮ್ಯಾಲ.

ಪತ್ರ. ಮಾಲಾ. 10 ಜನವರಿ 2025

ಕಾಕಾ,

ಒಂದು ತಿಂಗಳ ಮೇಲಾಯಿತು. ನೀವು ಇಷ್ಟು ದಿನ ಮಾತಾಡದೆ ಇದ್ದದ್ದು ನನಗೆ ತಿಳಿದಂತೆ ಇದೇ ಮೊದಲು. ದಿನಾ ಬಸ್ಸಿನಲ್ಲಿ ಕಿವಿಗೆ ಹಾಕಿಕೊಳ್ಳುವ ವೈರು ಚೀಲದಲ್ಲೇ ಇದೆ.

ನಾನು ತಿಳಿದದ್ದು, ನೀವು ಬೇರೆ ವಕೀಲರನ್ನು ಹಿಡಿದಿದ್ದೀರಿ ಎಂದು. ಹಾಗೆಂದು ಎಲ್ಲ ಕಾಗದ ಜೋಡಿಸಿ ಇಟ್ಟುಕೊಂಡಿದ್ದೆ. ಹೋದ ವಾರ ಅವ್ವ ಫೋನ್ ಮಾಡಿದಳು. ‘ನಿಜಗುಣಣ್ಣ ಬಂದಿದ್ದ ನೋಡ. ಒಂದು ಸುರುಳಿ ಕಾಗದ ಕೊಟ್ಟ, ಚಾ ಬ್ಯಾಡ ಅಂದ, ಆ ಗ್ವಾಡಿ ಮ್ಯಾಗಿನ ಎತ್ತಿನ ಮುಂದ ನಿಂತ. ಎಷ್ಟೊತ್ತು ನಿಂತ ಅಂದ್ರ ನಾ ಎರಡು ರೊಟ್ಟಿ ಬಡದ್ನಿ. ಆರಾಮಿಲ್ಲೇನ ಅವಗ?’ ಎಂದಳು. ಬಿಚ್ಚಿ ನೋಡಿ ಹೇಳು ಎಂದೆ. ‘ತೂತು ತೂತು ಐತಿ, ನನ್ನ ಕೈಯೆಲ್ಲಾ ನೀಲಿ ಆತು’ ಎಂದಳು.

ಆ ಹಾಳೆಯನ್ನು ನೀವು ಹಕ್ಕು ಸಾಧಿಸಲೆಂದೇ ಇಟ್ಟುಕೊಂಡಿದ್ದೀರಿ ಎಂದು ನಾನು ನಂಬಿದ್ದೆ.

ಈಗ ನನ್ನದೂ ಒಂದು ಹೇಳಿಬಿಡುತ್ತೇನೆ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಿತ್ತು. ಚಿಕ್ಕಂದಿನಿಂದಲೂ ಇತ್ತು. ಅಪ್ಪ ಸೋಮವಾರದಿಂದ ಶನಿವಾರದವರೆಗೆ ನಿಮ್ಮವನು. ಭಾನುವಾರ ಒಂದು ದಿನ ರಾಮದುರ್ಗಕ್ಕೆ ಬಂದರೂ ಬಾಯಲ್ಲಿ ನಿಮ್ಮದೇ ಮಾತು, ‘ನಿಜಗುಣ ಹಿಂಗಂದ, ನಿಜಗುಣ ಹಂಗ ನಗಿಸಿದ’. ನನಗೆ ಅವನು ಅಷ್ಟು ನಕ್ಕು ತೋರಿಸಿದ್ದು ನೆನಪಿಲ್ಲ. ನನ್ನ ಅಕ್ಷರ ದುಂಡಗಿಲ್ಲ ಎಂದರೆ ‘ನಿಜಗುಣ ಕಾಕಾನ್ನ ಕೇಳು, ಆಂವಗ ಗೊತ್ತು’ ಎನ್ನುತ್ತಿದ್ದ. ಸುನೀಲನಿಗೆ ಸಹಿ ಮಾಡಿ ಕೊಡುವಾಗ ನಿಮಗೊಂದು ಮಾತು ತಿಳಿಸಲಿಲ್ಲವಲ್ಲ, ಅದು ಮರೆವಲ್ಲ.

ಇದರ ಜೊತೆ ಎರಡು ವಸ್ತು ಅಂಚೆಯಲ್ಲಿ ಬರುತ್ತವೆ. ಒಂದು, ಹದಿನಾಲ್ಕನೆಯ ಎತ್ತಿನಿಂದ ತೆಗೆದು ಹೊಸದಾಗಿ ಚುಚ್ಚಿದ ಹಾಳೆ. ಮೊನ್ನೆ ರಾಮದುರ್ಗಕ್ಕೆ ಹೋದಾಗ ಚುಚ್ಚಿದವಳು ನಾನೇ, ಬೆರಳಿಗೆ ಮೂರು ಕಡೆ ಸೂಜಿ ತಾಗಿದೆ. ಇನ್ನೊಂದು, ಅವ್ವ ಹೆಬ್ಬಟ್ಟು ಒತ್ತಿ, ನಾನು ಸಹಿ ಮಾಡಿದ ಪರವಾನಗಿ. ನೀವು ಇರುವವರೆಗೂ ಈ ಎತ್ತನ್ನು ಬ್ರಷ್‌ನಿಂದ ಬರೆಯಬಹುದು. ನಮಗೆ ಏನೂ ಕೊಡಬೇಕಿಲ್ಲ. ಷರತ್ತು ಎರಡು. ಕೆಳಗೆ ಅಪ್ಪನ ಹೆಸರಿರಬೇಕು. ಕಣ್ಣು ನೀವೇ ತೆರೆಯಬೇಕು.

ಒಪ್ಪಿಗೆಯಿದ್ದರೆ ಒಂದು ಪ್ರತಿಗೆ ಸಹಿ ಮಾಡಿ ಕಳಿಸಿ. ಇಲ್ಲದಿದ್ದರೂ ಏನಾದರೂ ಮಾತಾಡಿ ಕಳಿಸಿ.

ಮಾಲಾ

ಧ್ವನಿ ಸಂದೇಶ. ನಿಜಗುಣಪ್ಪ, ಬೈಲಹೊಂಗಲ. 19 ಜನವರಿ 2025, ಸಂಜೆ

ಯವ್ವಾ ಮಾಲಾ.

ಸಹಿ ಮಾಡಿ ಅಂಚೀಗೆ ಹಾಕೇನಿ. ವೈರು ತಗಿ ಚೀಲದಿಂದ, ಇವತ್ತು ಉದ್ದ ಐತಿ.

ಆ ಕಾಗದ ಯಾಕ ಬರದ್ನಿ ಅಂತ ನೀ ಕೇಳಲಿಲ್ಲ. ಕೇಳತೀಯೇನೋ ಅಂತ ಒಂದು ತಿಂಗಳ ಅಂಜಿ ಕುಂತಿದ್ನಿ. ನಾನ ಹೇಳ್ತೇನಿ. ನಿಮ್ಮಪ್ಪ ಬೀಳೂಕಿಂತ ಒಂದು ವಾರ ಮೊದಲ, ಕಿತ್ತೂರಿನ ಮಲ್ಲಿಕಾರ್ಜುನ ಅಂತ ಒಬ್ಬ ರೈತ, ಹೊಸಾ ಟ್ರೇಲರ್ ತಂದಿದ್ದ. ನಾ ಚಾ ಕುಡ್ಯಾಕ ಹೋಗಿದ್ನಿ. ಬರೂದ್ರಾಗ ಕಾಯಿ ಒಡದಾನ. ಸಣ್ಣ ಬ್ರಷ್ ನಿಮ್ಮಪ್ಪನ ಕೈಯಾಗ ಕೊಟ್ಟು, ‘ಮಾಲಕ್ರ, ಕಣ್ಣು ತೆರೀರಿ’ ಅನ್ನಾಕತ್ತಾನ. ನಿಮ್ಮಪ್ಪ ‘ನಾ ಅಲ್ಲರಿ’ ಅಂದ. ಆಂವ ಬಿಡಲೊಲ್ಲ. ನಾ ಚಾದಂಗಡಿ ಮುಂದ ನಿಂತು ನೋಡಿದ್ನಿ. ನಿಮ್ಮಪ್ಪ ಆ ಕಡೆ ಈ ಕಡೆ ನೋಡಿ, ಇಟ್ಟಬಿಟ್ಟ ಚುಕ್ಕಿ.

ಮಾಲಾ, ಆ ಎತ್ತು ನನ್ನ ನೋಡ್ತು. ನಾ ಇಟ್ಟ ಚುಕ್ಕಿ ನಡುವ ಇರತಿತ್ತು. ಆಂವ ಜರಾ ಮೂಲ್ಯಾಗ ಇಟ್ಟಿದ್ದ. ಅಷ್ಟ ಫರಕ. ಅಷ್ಟಕ್ಕ ಅದು ಜೀವಂತ ನೋಡಾಕತ್ತಿತ್ತು. ನನಗ ಆವತ್ತಿನಿಂದ ಊಟ ಸೇರಲಿಲ್ಲ. ವಾರದ ಮ್ಯಾಲ ಅಂವಾ ಕಾಲಿಗೆ ಪಟ್ಟಿ ಕಟಗೊಂಡು ಬಂದು ‘ನಿಜಗುಣಾ, ನಿನ್ನ ಕಡೆ ಕೆಲಸಾ ಮಾಡ್ತೇನಿ ಅಂತ ನಾಕು ಸಾಲು ಬರದು ಕೊಡು’ ಅಂದ. ನನ್ನ ಬಾಯಾಗ ಏನು ಬಂತು ಗೊತ್ತೈತೇನು? ‘ನೀ ಮಾಲಕ ಅಲ್ಲೇನಪಾ, ಮಾಲಕಗ್ಯಾಕ ಆಳಿನ ಕಾರ್ಡು?’ ಕಿಚ್ಚಿನ್ಯಾಗ ಬರದ್ನಿ, ಶಿಕ್ಕಾ ಹೊಡದ್ನಿ. ಆಂವ ಓದಿದ. ಓದಿ, ‘ಅಕ್ಷರ ಚಂದ ಬಂದಾವ’ ಅಂದ. ಮಡಚಿ ಜೇಬಿನ್ಯಾಗ ಇಟಗೊಂಡ. ಮತ್ತ ಸೋಮವಾರ ಕುಂಟಕೋತ ಕೆಲಸಕ್ಕ ಬಂದ. ಸಾಯೂತನಾ ಆ ಮಾತು ತಗೀಲಿಲ್ಲ. ತಗದು ಬೈದಿದ್ರ ಎಷ್ಟೋ ಹಗರ ಆಗ್ತಿತ್ತು ನನಗ.

ಇನ್ನೊಂದು. ನೇಸರಗ್ಯಾಗ ಚಸ್ಮಾ ನನ್ನ ಜೇಬಿನ್ಯಾಗ ಇತ್ತು. ಆ ಸಣ್ಣ ಅಕ್ಷರ ಅವತ್ತ ಓದಿದ್ನಿ. ಸುನೀಲನ ಹೆಸರಿದ್ರ ಇಷ್ಟು ಉರೀತಿರಲಿಲ್ಲ ಯವ್ವಾ. ಸತ್ಯಪ್ಪ ಅಂತ ಇತ್ತು. ಸತ್ತು ಐದು ವರ್ಷ ಆದ ಮ್ಯಾಲೂ ನನ್ನ ಮುಂದ ಹೊಂಟಾನ, ಮ್ಯಾಲ ಹೊಳ್ಳಿ ನೋಡಾಕತ್ತಾನ ಅನಿಸ್ತು.

ಈಗ ಈ ವಾರದ್ದು ಕೇಳು. ಅದ ಮಲ್ಲಿಕಾರ್ಜುನ ಬಂದಾನ! ಅದ ಟ್ರೇಲರ್. ಹತ್ತು ವರ್ಷಾತು, ಜಂಗ ಹಿಡದು ಎತ್ತಿನ ಕಾಲು ಹೋಗ್ಯಾವ. ಕಣ್ಣು ಹಂಗ ಐತಿ. ‘ಸ್ಟಿಕರ್ ಬ್ಯಾಡ್ರಿ, ಹಿಂದಿನಂಗ ಬರೀರಿ’ ಅಂದ. ನೀ ಚುಚ್ಚಿದ ಹಾಳಿ ಹಚ್ಚಿ ಪುಡಿ ಬಡದ್ನಿ. ಎಷ್ಟು ಸಣ್ಣ ತೂತು ಚುಚ್ಚೀಯವಾ! ಎತ್ತು ಮತ್ತ ತೆಳ್ಳಗ ಬಿತ್ತು, ತೊಂಬತ್ತೊಂಬತ್ತನೇ ಇಸವ್ಯಾಗ ಇದ್ದಂಗ. ಮೂರು ದಿನ ಬರದ್ನಿ. ಕಣ್ಣು ಬರೂತನಾ ಬಂದ್ನಿ, ಮಲ್ಲಿಕಾರ್ಜುನ ಕಾಯಿ ಒಡದ. ಹಳೇ ಚುಕ್ಕಿ ಅಳಸಬೇಕಲ್ಲ? ಅಳಸಾಕ ಆಗಲಿಲ್ಲ. ನೀ ಷರತ್ತು ಹಾಕೀ, ಕಣ್ಣು ನೀವೇ ತೆರೀಬೇಕು ಅಂತ. ಅದಕ್ಕ ಬ್ರಷ್ ತಗೊಂಡು ನಿಮ್ಮಪ್ಪ ಇಟ್ಟ ಚುಕ್ಕಿ ಮ್ಯಾಲನ, ಆ ಮೂಲ್ಯಾಗನ, ಹೊಸಾ ಬಿಳಿ ಇಟ್ನಿ. ಇದಕ್ಕ ನಿನ್ನ ಕಾಯಿದೆ ಏನಂತೈತೋ ನೋಡಿ ಹೇಳು.

ಆಮ್ಯಾಲ ಮಲ್ಲಿಕಾರ್ಜುನ ಚಾ ಕುಡ್ಯಾಕ ಹೋದಾಗ ಕೆಳಗ ಹೆಸರು. ‘ಚಿತ್ರ: ಸತ್ಯಪ್ಪ, ರಾಮದುರ್ಗ.’ ನನ್ನ ಜೀವಮಾನದಾಗ ಅಷ್ಟು ನಿಧಾನ ಬರದಿಲ್ಲ. ಹಳದಿ ಅಕ್ಷರ, ಕೆಂಪು ನೆರಳು. ಸಂತೋಷಲೆ ಬರದ್ನಿ ಅಂತ ತಿಳೀಬ್ಯಾಡ. ಅಂವನ ಹೆಸರು ಆ ಜಾಗಾದಾಗ ಎಷ್ಟು ಚಂದ ಕುಂತ್ತು ಅಂದ್ರ, ನನ್ನ ಹೆಸರು ಅಲ್ಲಿ ಯಾವತ್ತೂ ಹಂಗ ಕುಂತಿರಲಿಲ್ಲ. ಅದಕ್ಕೂ ಕಿಚ್ಚು ಬಿತ್ತು. ಅದು ಹೋಗೂದಿಲ್ಲ ಮಾಲಾ, ನಾ ಸುಳ್ಳ ಹೇಳಂಗಿಲ್ಲ. ಇನ್ನೂ ಅರವತ್ತು ವರ್ಷ ಇರತೈತೇನೋ.

ಮಲ್ಲಿಕಾರ್ಜುನ ಚಾ ಕುಡದು ಬಂದ. ಹಿಂದ ಸರದು ನಿಂತ. ಈಗ ‘ಸತ್ಯಪ್ಪ ಎಲ್ಲಿ ಅದಾನ್ರಿ’ ಅಂತಾನ ಅಂತ ನಾ ಹಲ್ಲು ಕಚ್ಚಿ ನಿಂತ್ನಿ. ಆಂವ ಎತ್ತು ನೋಡಲಿಲ್ಲ ಯವ್ವಾ. ಬಗ್ಗಿ, ಕೆಳಗ ಓದಾಕತ್ತ.

‘ಅಕ್ಷರ ಭಾಳ ಚಂದ ಅದಾವಲ್ಲರಿ. ಯಾರು ಬರದಾರ?’

‘ನಾನ’ ಅಂದ್ನಿ.